ಗದ್ದೆಬಯಲಿನ ಬಿಳಿಕತ್ತಿನ ಕೊಕ್ಕರೆ

ಸಹ್ಯಾದ್ರಿಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಕಿರಿದಾಗಿ ಸಾಗುವ ಗದ್ದೆಬಯಲುಗಳು ನೀರುಹಕ್ಕಿಗಳ ಪಾಲಿಗೆ ಕೆರೆಗಳಷ್ಟೇ ಮುಖ್ಯವಾದ ನೆಲೆಗಳು. ಆ ಬಯಲುಗಳನ್ನು ನಂಬಿ ಬಾಳುವ ಹಕ್ಕಿಗಳಲ್ಲಿ ಬಿಳಿಕತ್ತಿನ ಕೊಕ್ಕರೆ ಗಾತ್ರದಲ್ಲಿ ಮುಂಚೂಣಿಯದಾದರೂ ಜನರ ಗಮನಕ್ಕೆ ಬಂದದ್ದು ಬಹಳ ಕಡಿಮೆ. ಬೆಳ್ಳಕ್ಕಿಗಳ ಹಿಂಡು ಹೂಟಿಯ ಎತ್ತಿನ ಹಿಂದೆ, ಈಗೀಗ ಟಿಲ್ಲರಿನ ಹಿಂದೆ, ಎಲ್ಲರ ಕಣ್ಣೆದುರಿಗೇ ಸಾಗುತ್ತಿದ್ದರೆ, ಈ ಹಕ್ಕಿ ಗದ್ದೆಯ ಆಚೆ ತುದಿಯಲ್ಲಿ, ಕಾಡಿನ ನೆರಳು ಬೀಳುವ ಕಡೆಯಲ್ಲಿ, ಒಂಟಿಯಾಗಿ ಇಲ್ಲವೆ ತನ್ನ ಜೋಡಿಯೊಡನೆ ನಿಧಾನವಾಗಿ ಹೆಜ್ಜೆಯಿಡುತ್ತಿರುತ್ತದೆ. ಹಿಂಡುಗಟ್ಟದ, ಗದ್ದಲ ಮಾಡದ, ಪಕ್ಷಿಧಾಮಗಳ ಪಟ್ಟಿಯಲ್ಲಿ ಪ್ರಮುಖವಾಗಿ ಕಾಣಿಸಿಕೊಳ್ಳದ ಈ ಹಕ್ಕಿಯ ಜೀವನಕ್ರಮವನ್ನು ತಿಳಿಯುವುದೆಂದರೆ ಮಲೆನಾಡಿನ ಗದ್ದೆ, ಬೆಟ್ಟ ಮತ್ತು ಹೆಮ್ಮರಗಳ ನಡುವಿನ ನಂಟನ್ನು ತಿಳಿಯುವುದೇ ಆಗಿದೆ.

ಆಡುಮಾತಿನಲ್ಲಿ ಉದ್ದ ಕಾಲು, ಉದ್ದ ಕೊಕ್ಕಿನ ಹಕ್ಕಿಗಳೆಲ್ಲವೂ ಕೊಕ್ಕರೆಗಳೇ ಆಗಿದ್ದರೂ ಪಕ್ಷಿವಿಜ್ಞಾನ ಅವುಗಳನ್ನು ಪರಸ್ಪರ ದೂರದ ಕುಟುಂಬಗಳಲ್ಲಿ ಇರಿಸುತ್ತದೆ. ಸಾರಸ ಮತ್ತು ಅದರ ಬಳಗದ ಕ್ರೌಂಚಗಳು ಒಂದು ಕುಟುಂಬ. ಇವುಗಳ ಹಿಂಬೆರಳು ಚಿಕ್ಕದಾಗಿ, ಮೇಲಕ್ಕೆ ಸರಿದಿರುವುದರಿಂದ ಬಹುತೇಕ ಜಾತಿಗಳು ಕೊಂಬೆಯನ್ನು ಹಿಡಿದು ಕೂರಲಾರವು, ಹಾಗಾಗಿ ಅವು ಜೌಗುನೆಲದಲ್ಲಿ ಅಥವಾ ಹುಲ್ಲುಗಾವಲಿನಲ್ಲಿ ನೆಲದ ಮೇಲೆಯೇ ಗೂಡು ಮಾಡುತ್ತವೆ, ಮತ್ತು ಎದೆಗೂಡಿನವರೆಗೂ ಸುತ್ತಿಕೊಂಡ ಉದ್ದನೆಯ ಗಾಳಿಕೊಳವೆಯ ಬಲದಿಂದ ಬಹುದೂರ ಕೇಳುವಂತೆ ಕೂಗುತ್ತವೆ. ಹಾರಬಲ್ಲ ಹಕ್ಕಿಗಳಲ್ಲೆಲ್ಲ ಎತ್ತರವಾದ ಸಾರಸ ಮುಖ್ಯವಾಗಿ ಉತ್ತರ ಭಾರತದ ಬಯಲುಸೀಮೆಯದಾಗಿದ್ದು, ಕರ್ನಾಟಕಕ್ಕೆ ಬರುವ ಕ್ರೌಂಚಗಳೆಂದರೆ ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ವಲಸೆ ಬಂದು ಉತ್ತರ ಕರ್ನಾಟಕದ ತೆರೆದ ಹೊಲಗಳಲ್ಲಿಯೂ ಆಲಮಟ್ಟಿಯಂಥ ಜಲಾಶಯಗಳ ಹಿನ್ನೀರಿನಲ್ಲಿಯೂ ತಂಗುವ ಹಿಂಡುಗಳು. ಕಾಡು ಕವಿದ ಮಲೆನಾಡು ಅವುಗಳ ನೆಲೆಯಲ್ಲ. ಬೆಳ್ಳಕ್ಕಿ, ಬಕಗಳದು ಇನ್ನೊಂದು ಕುಟುಂಬ; ಅವು ಹಾರುವಾಗ ಕತ್ತನ್ನು ಮಡಚಿ ಹೆಗಲಿನ ನಡುವೆ ಇಟ್ಟುಕೊಳ್ಳುವುದರಿಂದ ದೂರದಿಂದಲೇ ಗುರುತು ಸಿಗುತ್ತದೆ. ಮೂರನೆಯದು ನಿಜವಾದ ಕೊಕ್ಕರೆಗಳ ಕುಟುಂಬ. ಇವು ಕ್ರೌಂಚಗಳಂತೆ ಕತ್ತನ್ನು ಮುಂದಕ್ಕೆ ಚಾಚಿ ಹಾರುತ್ತವೆಯಾದರೂ ಅವುಗಳಂತೆ ಕೂಗಲಾರವು, ಏಕೆಂದರೆ ಸ್ವರಪೆಟ್ಟಿಗೆಯನ್ನು ನಿಯಂತ್ರಿಸುವ ಸ್ನಾಯುಗಳು ಇವುಗಳಲ್ಲಿ ಬೆಳೆದಿಲ್ಲ. ಗೂಡಿನಲ್ಲಿ ಜೋಡಿಯನ್ನು ಎದುರುಗೊಳ್ಳುವಾಗ ಮೇಲು ಕೆಳಗಿನ ಕೊಕ್ಕುಗಳನ್ನು ಪಟಪಟನೆ ಬಡಿದು ಸದ್ದು ಮಾಡುವುದೇ ಇವುಗಳ ಮಾತು. ಹಿಂಬೆರಳು ಗಟ್ಟಿಯಾಗಿರುವುದರಿಂದ ಇವು ಮರವೇರಬಲ್ಲವು, ಬಹುಮಟ್ಟಿಗೆ ಮರದಲ್ಲಿಯೇ ಗೂಡು ಕಟ್ಟುತ್ತವೆ. ಆಹಾರಕ್ಕೆ ಒದ್ದೆ ನೆಲವೂ ಸಂತಾನಕ್ಕೆ ಎತ್ತರದ ಮರವೂ ಒಟ್ಟೊಟ್ಟಿಗೆ ಬೇಕೆನ್ನುವ ಈ ಎರಡು ಬೇಡಿಕೆಗಳ ಮೇಲೆಯೇ ಬಿಳಿಕತ್ತಿನ ಕೊಕ್ಕರೆಯ ಇಡೀ ಬದುಕು ನಿಂತಿದೆ.

ನಿಂತಾಗ ಸುಮಾರು ಮೂರು ಅಡಿ ಎತ್ತರವಿರುವ ಈ ಹಕ್ಕಿಯ ಬೆನ್ನು, ಎದೆ ಮತ್ತು ರೆಕ್ಕೆಗಳು ದೂರದಿಂದ ಬರೀ ಕಪ್ಪಾಗಿ ತೋರಿದರೂ ಬಿಸಿಲು ಬಿದ್ದಾಗ ಅವುಗಳಲ್ಲಿ ಹಸಿರು, ನೇರಳೆ ಮತ್ತು ತಾಮ್ರದ ಹೊಳಪು ಎದ್ದು ಬರುತ್ತದೆ. ಕತ್ತಿನ ಗರಿಗಳು ಬೆಳ್ಳಗಿದ್ದು ಉಣ್ಣೆಯಂತೆ ಮೆತ್ತಗೆ ಉಬ್ಬಿಕೊಂಡಿರುತ್ತವೆ. ನೆತ್ತಿಯ ಮೇಲೆ ಕಪ್ಪು ಟೊಪ್ಪಿಗೆಯ ಹಾಗೆ ಒಂದು ಮಚ್ಚೆ, ಕಡುಕೆಂಪು ಕಣ್ಣು, ಮಾಸಲು ಕೆಂಪಿನ ಕಾಲು, ತುದಿಯಲ್ಲಿ ಕೆಂಪು ತಿರುಗಿದ ಕಪ್ಪು ಕೊಕ್ಕು. ಬಾಲದ ರಚನೆಯಲ್ಲಿ ಒಂದು ವಿಶೇಷವಿದೆ. ನಿಜವಾದ ಬಾಲ ಕಪ್ಪಾಗಿದ್ದು ನಡುವೆ ಆಳವಾಗಿ ಕವಲೊಡೆದಿದ್ದರೂ ಅದರ ಕೆಳಗಿನ ಬಿಳಿಯ ಹೊದಿಕೆಗರಿಗಳು ಬಾಲಕ್ಕಿಂತ ಮುಂದಕ್ಕೆ ಚಾಚಿ ಸೆಟೆದುಕೊಂಡಿರುವುದರಿಂದ ನೋಡುವವರು ಅವುಗಳನ್ನೇ ಬಾಲವೆಂದು ಭಾವಿಸುತ್ತಾರೆ. ಗಂಡು ಹೆಣ್ಣುಗಳಲ್ಲಿ ಹೊರನೋಟಕ್ಕೆ ವ್ಯತ್ಯಾಸವಿಲ್ಲ. ಎಳೆಯ ಹಕ್ಕಿಗಳ ಮೈ ಮಾತ್ರ ಹೊಳಪಿಲ್ಲದ ಕಂದುಗಪ್ಪು.

1783ರಲ್ಲಿ ಡಚ್ ನಿಸರ್ಗವಿಜ್ಞಾನಿ ಪೀಟರ್ ಬೊಡಾರ್ಟ್ ಇದಕ್ಕೆ ವೈಜ್ಞಾನಿಕ ಹೆಸರನ್ನು ಕೊಟ್ಟಾಗ ಆಧಾರವಾಗಿದ್ದದ್ದು ಭಾರತದ ಪೂರ್ವ ಕರಾವಳಿಯಾದ ಕೋರಮಂಡಲ ತೀರದ ಹಕ್ಕಿ. ಬಹುಕಾಲ ಆಫ್ರಿಕಾದ ಹಕ್ಕಿಯನ್ನೂ ಇದರೊಡನೆ ಒಂದೇ ಜಾತಿಯಾಗಿ ಎಣಿಸಲಾಗುತ್ತಿದ್ದು, ಈಗ ಅದನ್ನು ಬೇರೆ ಜಾತಿಯೆಂದು ಪರಿಗಣಿಸಲಾಗಿದೆ. ಏಷ್ಯಾದ ಹಕ್ಕಿ ಭಾರತ, ನೇಪಾಳ, ಶ್ರೀಲಂಕಾಗಳಿಂದ ಹಿಡಿದು ಮ್ಯಾನ್ಮಾರ್, ಕಾಂಬೋಡಿಯಾಗಳ ಮೂಲಕ ಇಂಡೊನೇಷ್ಯಾದವರೆಗೆ ಹರಡಿಕೊಂಡಿದ್ದರೂ ಆಗ್ನೇಯ ಏಷ್ಯಾದ ಹಲವು ಕಡೆಗಳಲ್ಲಿ ತೀರ ವಿರಳವಾಗಿದ್ದು, ಇಂದು ಅದರ ಮುಖ್ಯ ಆಸರೆ ದಕ್ಷಿಣ ಏಷ್ಯಾದ ಬೇಸಾಯದ ನೆಲವೇ ಆಗಿದೆ.

ಈ ಕೊಕ್ಕರೆಯ ಆಹಾರಕ್ರಮವನ್ನು ಮಲೆನಾಡಿನ ಬೇಸಾಯದ ಋತುಚಕ್ರದೊಡನೆ ಇಟ್ಟು ನೋಡಿದರೆ ಅದು ಸರಿಯಾಗಿ ಅರ್ಥವಾಗುತ್ತದೆ. ಇದು ಆಳದ ನೀರಿನ ಹಕ್ಕಿಯಲ್ಲ. ಮೀನನ್ನು ಅಟ್ಟಿಸಿಕೊಂಡು ಮುಳುಗುವ ನೀರುಕಾಗೆಯ ದಾರಿಯಾಗಲಿ, ಕೆಸರಿನಲ್ಲಿ ಕೊಕ್ಕು ಅದ್ದಿ ಸ್ಪರ್ಶದಿಂದಲೇ ಬೇಟೆಯನ್ನು ಹಿಡಿಯುವ ಬಣ್ಣದ ಕೊಕ್ಕರೆಯ ದಾರಿಯಾಗಲಿ ಇದರದಲ್ಲ. ಕಣ್ಣಿನಿಂದ ನೋಡಿ, ಒಂದೊಂದೇ ಹೆಜ್ಜೆಯಿಟ್ಟು, ಹಠಾತ್ತನೆ ಕುಕ್ಕಿ ಹಿಡಿಯುವುದು ಇದರ ಕ್ರಮವಾದ್ದರಿಂದ ನೀರು ಪಾದ ಮುಳುಗುವಷ್ಟಿದ್ದರೆ ಸಾಕು, ಇಲ್ಲದಿದ್ದರೂ ನಡೆದೀತು. ಕಪ್ಪೆ, ಏಡಿ, ಬಸವನಹುಳು, ಮಿಡತೆ ಮತ್ತಿತರ ದೊಡ್ಡ ಕೀಟಗಳು, ಸಣ್ಣ ಮೀನು, ಅರಣೆ, ಚಿಕ್ಕಪುಟ್ಟ ಹಾವು, ಹೀಗೆ ಇದರ ಆಹಾರಪಟ್ಟಿ ಉದ್ದವಾಗಿದೆ. ಮುಂಗಾರು ಹಿಡಿದು ಗದ್ದೆಗಳಲ್ಲಿ ನೀರು ನಿಂತಾಗ ಕಪ್ಪೆಗಳ ಸಂತಾನ ಒಮ್ಮೆಲೇ ಹೆಚ್ಚುತ್ತದೆ; ನೆಟ್ಟಿ ಮುಗಿದು ಸಸಿ ಇನ್ನೂ ಗಿಡ್ಡವಾಗಿರುವ ವಾರಗಳಲ್ಲಿ ಕೊಕ್ಕರೆಗೆ ನೋಟವೂ ಸಿಗುತ್ತದೆ, ಬೇಟೆಯೂ ಸಿಗುತ್ತದೆ. ಪೈರು ಎತ್ತರವಾಗಿ ನೆಲ ಕಾಣದಂತಾದ ಮೇಲೆ ಅದು ಬದುಗಳಿಗೆ, ಕಾಲುವೆಯ ದಂಡೆಗಳಿಗೆ, ಕೆರೆಯಂಚಿನ ಹುಲ್ಲುನೆಲಕ್ಕೆ ಸರಿಯುತ್ತದೆ. ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದ ಗದ್ದೆಯಲ್ಲಿ ತೇವ ಇನ್ನೂ ಆರದಿರುವಾಗ ಏಡಿ ಮತ್ತು ಹುಳುಗಳಿಗಾಗಿ ಮತ್ತೆ ಬಯಲಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಬ್ಯಾಣಗಳಿಗೆ, ಎಂದರೆ ಮಲೆನಾಡಿನ ಹುಲ್ಲು ಬೆಳೆಯುವ ಗುಡ್ಡದ ಇಳಿಜಾರುಗಳಿಗೆ, ಬೆಂಕಿ ಬಿದ್ದಾಗ ಹೊಗೆಯಿಂದ ತಪ್ಪಿಸಿಕೊಳ್ಳಲು ಹೊರಬರುವ ಮಿಡತೆಗಳನ್ನು ಹಿಡಿಯಲು ಸುಡುವ ಹುಲ್ಲಿನ ಅಂಚಿಗೆ ಬರುವುದು ಈ ಕೊಕ್ಕರೆಯ ಸ್ವಭಾವಗಳಲ್ಲಿ ಒಂದೆಂದು ಪಕ್ಷಿಗ್ರಂಥಗಳು ದಾಖಲಿಸಿವೆ.

ಗದ್ದೆಯ ಏಡಿ ಬದುವಿಗೆ ತೂತು ಕೊರೆದು ನೀರು ಸೋರಿಸುವುದು ಮಲೆನಾಡಿನ ಪ್ರತಿಯೊಬ್ಬ ಬೇಸಾಯಗಾರನಿಗೂ ಗೊತ್ತಿರುವ ತೊಂದರೆ. ಆ ಏಡಿಯನ್ನು ತಿನ್ನುವ, ಪೈರನ್ನು ತುಳಿಯದ, ಕಾಳನ್ನು ಮುಟ್ಟದ ಹಕ್ಕಿಯೊಂದು ಬಯಲಿನಲ್ಲಿ ಅಡ್ಡಾಡುವುದು ರೈತನಿಗೆ ಲಾಭವೇ ಹೊರತು ನಷ್ಟವಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಬೆಳಗಿನ ಹೊತ್ತು ಆಹಾರ ಹುಡುಕಿ, ಬಿಸಿಲೇರಿ ನೆಲ ಕಾದ ಮೇಲೆ ಮೇಲಕ್ಕೇಳುವ ಬಿಸಿಗಾಳಿಯನ್ನು ಹಿಡಿದು ರೆಕ್ಕೆ ಬಡಿಯದೆಯೇ ವೃತ್ತಾಕಾರವಾಗಿ ಏರುತ್ತಾ ಹೋಗುವುದು, ಮಧ್ಯಾಹ್ನ ಎತ್ತರದ ಮರದ ತುದಿಯಲ್ಲಿ ವಿಶ್ರಮಿಸುವುದು, ಇಳಿಹೊತ್ತಿಗೆ ಮತ್ತೆ ಬಯಲಿಗಿಳಿಯುವುದು ಇದರ ದಿನಚರಿ. ಸುಡುಬಿಸಿಲಿನಲ್ಲಿ ಕೊಕ್ಕರೆಗಳು ತಮ್ಮ ಕಾಲುಗಳ ಮೇಲೆಯೇ ದ್ರವರೂಪದ ಹಿಕ್ಕೆಯನ್ನು ಹಾಕಿಕೊಳ್ಳುತ್ತವೆ. ಅದು ಆರುವಾಗ ಕಾಲಿನ ರಕ್ತನಾಳಗಳ ಉಷ್ಣವನ್ನು ಸೆಳೆದುಕೊಳ್ಳುವುದರಿಂದ ಮೈ ತಂಪಾಗುತ್ತದೆ. ಕೆಂಪು ಕಾಲು ಕೆಲವೊಮ್ಮೆ ಬೂದುಬಿಳಿಯಾಗಿ ಕಾಣುವುದಕ್ಕೆ ಇದೇ ಕಾರಣ.

ಗೂಡು ಕಟ್ಟುವ ಕಾಲ ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದು, ಉತ್ತರ ಭಾರತದಲ್ಲಿ ಅದು ಮಳೆಗಾಲದೊಡನೆಯೂ ದಕ್ಷಿಣದಲ್ಲಿ ಬಹುಮಟ್ಟಿಗೆ ಮಳೆ ಹಿಂದೆ ಸರಿದ ಮೇಲಿನ ತಿಂಗಳುಗಳೊಡನೆಯೂ ಹೊಂದಿಕೊಂಡಿದೆ. ನೆಲದಿಂದ ಬಹಳ ಎತ್ತರದಲ್ಲಿ, ಕವಲೊಡೆದ ದಪ್ಪ ಕೊಂಬೆಯ ಮೇಲೆ, ಒಣಕಡ್ಡಿಗಳನ್ನು ಅಡ್ಡಡ್ಡವಾಗಿ ಹೆಣೆದು ಅಟ್ಟಣಿಗೆಯಂತೆ ಮಾಡಿ, ನಡುವಿನ ತಗ್ಗಿಗೆ ಹುಲ್ಲು, ಎಲೆಗಳನ್ನು ಹಾಸಿ ಗೂಡನ್ನು ಸಿದ್ಧಪಡಿಸಲಾಗುತ್ತದೆ. ಬೂರುಗದಂತೆ ನೇರವಾಗಿ ಬೆಳೆದು ಮೇಲ್ಭಾಗದಲ್ಲಿ ವಿಶಾಲವಾಗಿ ಕೊಂಬೆ ಚಾಚುವ ಮರಗಳು ಇದಕ್ಕೆ ಇಷ್ಟವಾದವು. ದೊಡ್ಡ ರೆಕ್ಕೆಯ ಹಕ್ಕಿ ಎಲೆಗಳ ತಡೆಯಿಲ್ಲದೆ ಬಂದಿಳಿಯಲು ಅಂಥ ಮರ ಅನುಕೂಲ. ಹೆಣ್ಣು ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಮಾಸಲು ಬಿಳಿಯ ಮೊಟ್ಟೆಗಳನ್ನು ಇಡುತ್ತದೆ. ಗಂಡು ಹೆಣ್ಣುಗಳೆರಡೂ ಸರದಿಯ ಮೇಲೆ ಸುಮಾರು ಒಂದು ತಿಂಗಳು ಕಾವು ಕೊಡುತ್ತವೆ. ಮೊಟ್ಟೆಯೊಡೆದ ಮೇಲೆ ಮರಿ ಹಾರುವಂತಾಗಲು ಇನ್ನೂ ಎರಡು ತಿಂಗಳ ಹತ್ತಿರ ಬೇಕು. ಎಂದರೆ, ಕಡ್ಡಿ ಹೊತ್ತು ತರುವ ದಿನದಿಂದ ಲೆಕ್ಕ ಹಾಕಿದರೆ ಮೂರು ತಿಂಗಳಿಗೂ ಹೆಚ್ಚು ಕಾಲ ಆ ಒಂದು ಮರಕ್ಕೆ ಕೊಡಲಿ ತಾಗಬಾರದು, ಗೂಡಿನ ಸುತ್ತ ಗದ್ದಲವಾಗಬಾರದು, ಹಾಗೂ ಮರದಿಂದ ಹೆಚ್ಚು ದೂರವಲ್ಲದ ಕಡೆ ಕಪ್ಪೆ, ಏಡಿ, ಹುಳುಗಳು ತಪ್ಪದೆ ಸಿಗುತ್ತಿರಬೇಕು. ತಂದೆ ತಾಯಿಗಳು ನುಂಗಿ ತಂದ ಆಹಾರವನ್ನು ಗೂಡಿನ ನೆಲದ ಮೇಲೆ ಕಕ್ಕುತ್ತವೆ, ಮರಿಗಳು ಅದನ್ನು ಆರಿಸಿ ತಿನ್ನುತ್ತವೆ. ಬಿಸಿಲು ಜೋರಾದಾಗ ಹಿರಿಯ ಹಕ್ಕಿ ರೆಕ್ಕೆ ಬಿಡಿಸಿ ಗಂಟೆಗಟ್ಟಲೆ ಮರಿಗಳಿಗೆ ನೆರಳಾಗಿ ನಿಲ್ಲುವುದು ಕೊಕ್ಕರೆಗಳ ಕುಟುಂಬದಲ್ಲೆಲ್ಲ ಕಾಣುವ ವಾತ್ಸಲ್ಯದ ನಡವಳಿಕೆ.

ಒಮ್ಮೆ ಒಗ್ಗಿದ ಮರಕ್ಕೆ ಜೋಡಿ ಮರುವರ್ಷವೂ ಬರುವುದುಂಟು. ಹರಿಯಾಣದಲ್ಲಿ ಈ ಕೊಕ್ಕರೆಗಳು ಬಿಟ್ಟುಹೋದ ಹಳೆಯ ಗೂಡುಗಳಲ್ಲಿ ದೊಡ್ಡ ಗೂಬೆಗಳು ಸಂಸಾರ ಹೂಡಿದ್ದು ಕಂಡುಬಂದಿದೆ. ಗೂಬೆಗಳು ಸ್ವತಃ ಗೂಡು ಕಟ್ಟುವುದಿಲ್ಲವಾದ್ದರಿಂದ ಒಂದು ಹಕ್ಕಿಯ ಗೂಡು ಇನ್ನೊಂದರ ಸಂತಾನಕ್ಕೆ ಆಸರೆಯಾಗುತ್ತದೆ. ಕೇರಳದ ಭಾರತಪ್ಪುಳ ನದಿಯ ಸೀಮೆಯಲ್ಲಿ ಮೊಬೈಲ್ ಗೋಪುರಗಳ ಮೇಲೆಯೂ ಬಿಳಿಕತ್ತಿನ ಕೊಕ್ಕರೆಗಳು ಗೂಡು ಕಟ್ಟಿವೆ. ಇದನ್ನು ಹಕ್ಕಿಯ ಹೊಂದಾಣಿಕೆಯ ಶಕ್ತಿಯೆಂದು ಮೆಚ್ಚುವವರಿದ್ದಾರೆ, ಆದರೆ ಎತ್ತರದ ಮರಗಳು ಕಡಿಮೆಯಾದ ನಾಡಿನಲ್ಲಿ ಹಕ್ಕಿಗೆ ಉಳಿದ ದಾರಿ ಅದೊಂದೇ ಆಗಬಾರದು.

ಈ ಹಕ್ಕಿ ನಿಜವಾಗಿಯೂ ವಿರಳವೇ ಎಂಬ ಪ್ರಶ್ನೆಗೆ ವಿಜ್ಞಾನ ಕೊಟ್ಟ ಉತ್ತರವೇ ಬದಲಾಗುತ್ತಾ ಬಂದಿದೆ. ಐಯುಸಿಎನ್, ಎಂದರೆ ಜಗತ್ತಿನ ಜೀವಿಗಳ ಅಳಿವು ಉಳಿವಿನ ಸ್ಥಿತಿಯನ್ನು ನಿರ್ಧರಿಸಿ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಒಕ್ಕೂಟ, 2014ರಲ್ಲಿ ಇದನ್ನು ಅಪಾಯಕ್ಕೆ ಈಡಾದ ಜಾತಿಗಳ ಸಾಲಿಗೆ ಸೇರಿಸಿತು. ಆ ಮೇಲೆ ಕೆ. ಎಸ್. ಗೋಪಿ ಸುಂದರ್, ಸ್ವಾತಿ ಕಿತ್ತೂರ್ ಮೊದಲಾದ ವಿಜ್ಞಾನಿಗಳು ದಕ್ಷಿಣ ಏಷ್ಯಾದ ಬೇಸಾಯದ ಸೀಮೆಗಳಲ್ಲಿ ನಡೆಸಿದ ಅಧ್ಯಯನಗಳಿಂದ ಸಂರಕ್ಷಿತ ಅರಣ್ಯಗಳ ಹೊರಗೆ, ಹೊಲಗದ್ದೆಗಳ ನಡುವೆ, ನಿರೀಕ್ಷೆಗಿಂತ ಬಹಳ ಹೆಚ್ಚು ಹಕ್ಕಿಗಳು ಬದುಕಿರುವುದು ತಿಳಿದುಬಂತು. ಹರಿಯಾಣದ ಝಜ್ಜರ್ ಮತ್ತು ರೋಹ್ತಕ್ ಜಿಲ್ಲೆಗಳಲ್ಲಿ 2016ರಿಂದ 2020ರವರೆಗೆ 300ರ ಸಮೀಪದ ಗೂಡುಗಳನ್ನು ಪರಿಶೀಲಿಸಿದಾಗ ಯಶಸ್ವಿಯಾದ ಗೂಡೊಂದರಿಂದ ಸರಾಸರಿ ಮೂರು ಮರಿಗಳು ಹೊರಬಂದದ್ದು ಕಂಡಿತು. ಅಲ್ಲಿನ ನೀರಾವರಿ ಕಾಲುವೆಗಳೂ ಕಾಲುವೆಯ ದಂಡೆಯಲ್ಲಿ ಹಾಗೂ ಹೊಲಗಳ ಅಂಚಿನಲ್ಲಿ ಜನ ಉಳಿಸಿಕೊಂಡ ಹಳೆಯ ಮರಗಳೂ ಸೇರಿ ಈ ಯಶಸ್ಸನ್ನು ಸಾಧ್ಯವಾಗಿಸಿದ್ದವು. ಇಂಥ ಪುರಾವೆಗಳ ಬಲದಿಂದ 2020ರಲ್ಲಿ ಹಕ್ಕಿಯ ಸ್ಥಾನವನ್ನು ಒಂದು ಮೆಟ್ಟಿಲು ಕೆಳಗಿನ ಅಪಾಯದ ವರ್ಗಕ್ಕೆ, ಅಪಾಯದ ಅಂಚಿಗೆ ಬಂದಿರುವ ಜಾತಿಗಳ ವರ್ಗಕ್ಕೆ, ಬದಲಿಸಲಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನೀರುಹಕ್ಕಿಗಳ ಗಣತಿಗಳು ಬಹುಕಾಲದಿಂದ ದೊಡ್ಡ ಕೆರೆ, ಜಲಾಶಯ, ಪಕ್ಷಿಧಾಮಗಳನ್ನು ಕೇಂದ್ರವಾಗಿಟ್ಟುಕೊಂಡು ನಡೆದಿವೆ. ಒಂದೊಂದಾಗಿ, ಎರಡೆರಡಾಗಿ ಗದ್ದೆಯಲ್ಲಿ ಚದುರಿ ಬದುಕುವ ಹಕ್ಕಿ ಅಂಥ ಎಣಿಕೆಯ ಬಲೆಗೆ ಬೀಳುವುದೇ ಇಲ್ಲ. ಎಣಿಕೆಗೆ ಸಿಗದ ಹಕ್ಕಿ ಕಡಿಮೆಯಾದರೂ ಯಾರಿಗೂ ತಿಳಿಯುವುದಿಲ್ಲ ಎಂಬುದು ಇದರ ಹೆಚ್ಚು ಆತಂಕದ ಮುಖ. ಹರಿಯಾಣದ ಸಮಾಧಾನದ ಅಂಕಿಗಳನ್ನು ಘಟ್ಟದ ಮೇಲಿನ ತಾಲೂಕುಗಳಿಗೆ ಹಾಗೆಯೇ ಅನ್ವಯಿಸಲಾಗದು. ಅಲ್ಲಿಯದು ಕಾಲುವೆ ನೀರಿನ ವಿಶಾಲ ಬಯಲು, ಇಲ್ಲಿಯದು ಮಳೆಯನ್ನು ನಂಬಿದ ಇಕ್ಕಟ್ಟಾದ ಗದ್ದೆ, ಮತ್ತು ಆ ಗದ್ದೆಯ ಸ್ವರೂಪವೇ ಈಗ ಬದಲಾಗುತ್ತಿದೆ.

ಈ ಸೀಮೆಯ ಜನರಿಗೆ ನೀರುಹಕ್ಕಿಗಳ ಬಗ್ಗೆ ಅಕ್ಕರೆಯಿಲ್ಲವೆಂದು ಹೇಳುವಂತಿಲ್ಲ. ಶಿರಸಿ ತಾಲೂಕಿನ ಸೋಂದೆಯ ಮುಂಡಿಗೆಕೆರೆಯಲ್ಲಿ ಮಳೆಗಾಲ ಆರಂಭವಾಗುತ್ತಿದ್ದಂತೆ, ಕೆರೆಯಲ್ಲಿ ಬೆಳೆದ ಮುಂಡಿಗೆಯ, ಅಂದರೆ ಕೇದಗೆಯ ಜಾತಿಗೆ ಸೇರಿದ ಮುಳ್ಳೆಲೆಯ ಗಿಡಗಳ ಮೆಳೆಗಳ ಮೇಲೆ, ಬೆಳ್ಳಕ್ಕಿ, ನೀರುಕಾಗೆ, ಕೆಂಬರಲು ಮೊದಲಾದ ಹಕ್ಕಿಗಳು ಗುಂಪುಗುಂಪಾಗಿ ಗೂಡು ಕಟ್ಟುತ್ತವೆ. ಸುತ್ತ ನೀರು, ಮೇಲೆ ಮುಳ್ಳು ಇರುವುದರಿಂದ ಶತ್ರುಗಳು ಸುಲಭವಾಗಿ ಸಮೀಪಿಸಲಾರವು. ಸೊರಬ ತಾಲೂಕಿನ ಗುಡವಿ ಮತ್ತು ಮುಂಡಗೋಡ ತಾಲೂಕಿನ ಅತ್ತಿವೇರಿ ಪಕ್ಷಿಧಾಮಗಳೂ ಇಲ್ಲಿಂದ ದೂರದವಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಊರಿನ ಮರಗಳಲ್ಲೇ ಮರಿ ಮಾಡಿ, ಊರವರ ಪ್ರೀತಿಯಿಂದ ನಾಡಿಗೆಲ್ಲ ಮಾದರಿಯಾದದ್ದು ತಿಳಿದ ವಿಷಯ. ಆದರೆ ಇವೆಲ್ಲವೂ ಗುಂಪಾಗಿ ಗೂಡು ಕಟ್ಟುವ ಹಕ್ಕಿಗಳಿಗೆ ದೊರೆತ ರಕ್ಷಣೆ. ಒಂದು ಕೆರೆಗೆ ಬೇಲಿ ಹಾಕಿದರೆ ಸಾವಿರಾರು ಬೆಳ್ಳಕ್ಕಿಗಳ ಸಂತಾನ ಉಳಿಯಬಹುದು. ಒಂಟಿಮರದಲ್ಲಿ ಒಂದೇ ಗೂಡು ಕಟ್ಟುವ ಬಿಳಿಕತ್ತಿನ ಕೊಕ್ಕರೆಗೆ ಅಂಥ ಬೇಲಿಯಿಂದ ಪ್ರಯೋಜನವಿಲ್ಲ. ಅಘನಾಶಿನಿ ಮತ್ತು ಬೇಡ್ತಿ ಕಣಿವೆಗಳಲ್ಲಿ 2011ರಲ್ಲಿ ಘೋಷಿಸಲಾದ ಸಂರಕ್ಷಣಾ ಮೀಸಲು ಪ್ರದೇಶಗಳು ಸಿಂಗಳೀಕ, ಮಂಗಟ್ಟೆ ಹಕ್ಕಿಗಳಂಥ ಕಾಡಿನ ಜೀವಿಗಳಿಗೆ ದೊಡ್ಡ ಆಸರೆಯಾಗಿವೆಯಾದರೂ ಕಾಡಿನಂಚಿನ ಗದ್ದೆಯನ್ನು ಆಶ್ರಯಿಸಿದ ಹಕ್ಕಿಯ ಅರ್ಧ ಬದುಕು ಯಾವ ಮೀಸಲಿನ ಗಡಿಯೊಳಗೂ ಬರುವುದಿಲ್ಲ.

ಬದಲಾವಣೆಯ ಮೂಲ ಕಾರಣ ಎಲ್ಲರ ಕಣ್ಣ ಮುಂದೆಯೇ ಇದೆ. ಭತ್ತದ ಬೇಸಾಯಕ್ಕೆ ಆಳು ಸಿಗುವುದಿಲ್ಲ, ಸಿಕ್ಕರೆ ಖರ್ಚು ಹುಟ್ಟುವುದಿಲ್ಲ, ಹಂದಿ, ಮಂಗ, ಕಾಡುಕೋಣಗಳಿಂದ ಪೈರು ಉಳಿಸಿಕೊಳ್ಳುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ, ಅಡಿಕೆಗೆ ಬೆಲೆಯಿದೆ. ಹೀಗಾಗಿ ಗುಡ್ಡಗಳ ನಡುವಿನ ಸಣ್ಣ ಹಳ್ಳಿಗಳಿಂದ ಹಿಡಿದು ಬನವಾಸಿಯ ಕಡೆಯ ಅಗಲವಾದ ಬಯಲುಗಳವರೆಗೆ ಗದ್ದೆಗೆ ಮಣ್ಣು ಏರಿಸಿ, ಬಸಿಗಾಲುವೆ ತೆಗೆದು, ಅಡಿಕೆ ಸಸಿ ನೆಡುವುದು ಸಾಮಾನ್ಯವಾಗಿದೆ. ಇದಕ್ಕಾಗಿ ರೈತನನ್ನು ದೂಷಿಸುವುದು ನ್ಯಾಯವಲ್ಲ, ಸಂಸಾರ ನಡೆಸಬೇಕಾದವನು ಅವನೇ. ಆದರೆ ಗದ್ದೆ ತೋಟವಾದಾಗ ಏನು ಕಳೆಯುತ್ತದೆ ಎಂಬ ಲೆಕ್ಕವನ್ನೂ ಮುಂದಿಡಬೇಕಾಗುತ್ತದೆ. ಭತ್ತದ ಗದ್ದೆ ತಿಂಗಳುಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುವ ಆಳವಿಲ್ಲದ ಕೆರೆ. ತೋಟವಾದರೋ ನೀರನ್ನು ಹೊರಹಾಕುವ ಏರ್ಪಾಡು. ಕಪ್ಪೆ ಮೊಟ್ಟೆಯಿಡುವ ನಿಂತ ನೀರು ಅಲ್ಲಿ ಇರುವುದಿಲ್ಲ, ದೊಡ್ಡ ಹಕ್ಕಿ ಇಳಿದು ಏಳಲು ಬೇಕಾದ ತೆರಪೂ ಮರಗಳ ಸಾಲಿನಲ್ಲಿ ಇಲ್ಲವಾಗುತ್ತದೆ. ಕೊಳೆರೋಗದ ತಡೆಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ತಾಮ್ರದ ಸಂಯುಕ್ತವಾಗಿದ್ದು, ತಾಮ್ರವು ಹೆಚ್ಚಾದಾಗ ಬಸವನಹುಳು ಮತ್ತು ಮೀನುಗಳಿಗೆ ವಿಷವೆಂಬುದು ಸಿದ್ಧಪಟ್ಟ ಸಂಗತಿ. ಮಳೆಯ ನೀರಿನೊಡನೆ ಅದು ಸೇರುವುದು ತೋಟದ ಕೆಳಗಿನ ಹಳ್ಳವನ್ನೇ.

ಇನ್ನು ಮರಗಳ ವಿಚಾರ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ, ಈ ತಾಲೂಕುಗಳು ಮುಂಬಯಿ ಆಧಿಪತ್ಯದಲ್ಲಿದ್ದಾಗ, ಅಡಿಕೆ ತೋಟಗಳಿಗೆ ಸೊಪ್ಪು ಮತ್ತು ದರಕು, ಎಂದರೆ ಉದುರಿದ ಒಣ ಎಲೆ, ಒದಗಿಸಲೆಂದು ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬಿಟ್ಟುಕೊಟ್ಟ ಸೊಪ್ಪಿನಬೆಟ್ಟಗಳು ಕಾಡಿಗೂ ಗದ್ದೆಗೂ ನಡುವಿನ ನೆಲ. ಮತ್ತಿ, ಹೊನ್ನೆ, ನಂದಿ, ಬೂರುಗದಂಥ ಮರಗಳು ಮುಗಿಲೆತ್ತರಕ್ಕೆ ಬೆಳೆಯುವ, ಗದ್ದೆಯಿಂದ ರೆಕ್ಕೆಯ ನಾಲ್ಕು ಬಡಿತದ ದೂರದಲ್ಲಿರುವ ಈ ಬೆಟ್ಟಗಳಿಗಿಂತ ಸೂಕ್ತವಾದ ಗೂಡಿನ ತಾಣವನ್ನು ಬಿಳಿಕತ್ತಿನ ಕೊಕ್ಕರೆಗೆ ಬೇರೆ ಕಲ್ಪಿಸಲಾಗದು. ಚೆನ್ನಾಗಿ ಕಾಪಾಡಿಕೊಂಡ ಬೆಟ್ಟಗಳು ಈಗಲೂ ಇವೆ. ಅತಿಯಾಗಿ ಸವರಿದ್ದರಿಂದ ಮರಗಳು ಮೊಂಡಾಗಿ ಬೋಳಾದವೂ ಇವೆ. ರಸ್ತೆ ಅಗಲಿಸುವಾಗ, ವಿದ್ಯುತ್ ತಂತಿ ಎಳೆಯುವಾಗ ಮೊದಲು ಬೀಳುವುದು ಬಯಲಿನಂಚಿನ ಇಂಥ ಹಿರಿಯ ಮರಗಳೇ. ಒಂದು ಬೂರುಗದ ಮರ ಈ ಹಕ್ಕಿಯ ಭಾರ ಹೊರುವಷ್ಟು ಬಲಿಯಲು ದಶಕಗಳೇ ಬೇಕಾಗುವುದರಿಂದ ಕಡಿದ ಮರಕ್ಕೆ ಬದಲಾಗಿ ನೆಟ್ಟ ಸಸಿ ಈಗಿನ ತಲೆಮಾರಿನ ಹಕ್ಕಿಗೆ ಉಪಯೋಗಕ್ಕೆ ಬಾರದು.

ಆದುದರಿಂದ ಮಾಡಬೇಕಾದ ಕೆಲಸ ಪಕ್ಷಿಧಾಮವೊಂದನ್ನು ಹೊಸದಾಗಿ ಸ್ಥಾಪಿಸುವುದಲ್ಲ. ಭತ್ತ ಬೆಳೆಯುವುದನ್ನು ಮುಂದುವರಿಸುವ ರೈತನಿಗೆ, ಅವನ ಗದ್ದೆ ಅಂತರ್ಜಲಕ್ಕೂ ಜೀವಿಗಳಿಗೂ ಮಾಡುವ ಉಪಕಾರವನ್ನು ಪರಿಗಣಿಸಿ, ಎಕರೆಯ ಲೆಕ್ಕದಲ್ಲಿ ನೆರವು ಸಲ್ಲಬೇಕು; ಕಾಡುಪ್ರಾಣಿಗಳಿಂದಾದ ಪೈರುಹಾನಿಯ ಪರಿಹಾರ ತಡವಿಲ್ಲದೆ ಕೈಸೇರಬೇಕು. ಗೂಡಿರುವ ಮರ ಖಾಸಗಿ ನೆಲದಲ್ಲಿರಲಿ, ಬೆಟ್ಟದಲ್ಲಿರಲಿ, ಅದನ್ನು ಗುರುತಿಸಿ ಗ್ರಾಮ ಪಂಚಾಯತಿಯ ಜೀವವೈವಿಧ್ಯ ದಾಖಲೆಯಲ್ಲಿ ನಮೂದಿಸುವುದಕ್ಕೆ 2002ರ ಜೀವವೈವಿಧ್ಯ ಕಾಯ್ದೆಯೇ ಅವಕಾಶ ಕೊಟ್ಟಿದೆ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ, ಊರೂರಿನಲ್ಲಿ ಶಾಲೆಗಳಿವೆ. ಯಾವ ಬಯಲಿನಲ್ಲಿ ಯಾವ ತಿಂಗಳು ಎಷ್ಟು ಹಕ್ಕಿ ಕಂಡವು, ಯಾವ ಮರದಲ್ಲಿ ಗೂಡಾಯಿತು, ಎಷ್ಟು ಮರಿ ಹಾರಿದವು ಎಂದು ಬರೆದಿಡಲು ದುಬಾರಿ ಸಲಕರಣೆಗಳು ಬೇಕಿಲ್ಲ. ಯಾರ ಗದ್ದೆಯಂಚಿನ ಮರದಲ್ಲಾದರೂ ಈ ಕೊಕ್ಕರೆ ಗೂಡು ಕಟ್ಟಿದ್ದರೆ, ಮರಿಗಳು ಹಾರಿಹೋಗುವವರೆಗೆ ಆ ಮರದ ಟೊಂಗೆ ಸವರದೆ ಕಾಯ್ದುಕೊಂಡು, ಗೂಡಿನ ವಿವರವನ್ನು ಹತ್ತಿರದ ಶಾಲೆಗೆ ಅಥವಾ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಬೇಕು.